ಭಾವನವರ ರನ್‌ವೇ

ನಮ್ಮ ಭಾವನವರಿಗೆ ಒಬ್ಬಳು ಪ್ರೇಯಸಿ ಇದ್ದಾಳೆ, ಅದು ಅಕ್ಕನಿಗೂ ಗೊತ್ತು! ಗಾಬರಿಯಾಗಬೇಡಿ. ಅವಳಿಗೆ ವಯಸ್ಸು ಐವತ್ತು ದಾಟಿದೆ, ಮೈತುಂಬ ಬಿರುಕು. ಅಮೆರಿಕದ ಕ್ಯಾರೊಲೈನಾ ಕರಾವಳಿಯ ಒಂದು ದ್ವೀಪದಲ್ಲಿ ಮಲಗಿದ್ದಾಳೆ. ಯುದ್ಧಕಾಲದ ಮಿಲಿಟರಿ ರನ್‌ವೇ!

ಷಾರ್ಲೆಟ್‌ನ ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಕುಟ್ಟುವವರಿಗೆ ಈ ಹುಚ್ಚು ಎಲ್ಲಿಂದ ಅಂಟಿತೋ! ಬೀಚಿಗೆಂದು ಕರೆದೊಯ್ದು ನಮ್ಮನ್ನೆಲ್ಲ ಹಳೇ ಕಾಂಕ್ರೀಟಿನ ಮೇಲೆ ಕೂರಿಸಿ ಚಿತ್ರಾನ್ನ ತಿನ್ನಿಸಿದ್ದಾರೆ.

"ಇಲ್ಲೆಲ್ಲಾ ಬರೀ ಜೌಗು ಇತ್ತಮ್ಮ. ಅದನ್ನ ಫಿಲ್ ಮಾಡಿ, ಹುಡುಗರಿಗೆ ಸಮುದ್ರದ ಮೇಲೆ ಹಾರೋದು ಕಲಿಸಿದ್ರು. ಯುದ್ಧ ಮುಗೀತು, ಬೀಗ ಹಾಕಿ ಹೊರಟ್ರು," ಎಂದರು ಭಾವನವರು.

"ನನ್ನ ಬರ್ತ್‌ಡೇ ಯಾವತ್ತು ಅಂತ ಕೇಳು, ನೆನಪಿರಲ್ಲ," ಎಂದಳು ಅಕ್ಕ. "ಈ ರನ್‌ವೇ ಎಷ್ಟುದ್ದ ಅಂತ ಕೇಳು, ಇಂಚು ಬಿಡದೆ ಹೇಳ್ತಾರೆ!"

ನಮ್ಮ ಕನ್ನಡ ಕೂಟದ ಯುಗಾದಿ ಸಂಚಿಕೆಗೆ ನಾನೇ ಸಂಪಾದಕಿ. ಭಾವನವರಿಗೆ ಎರಡು ಪುಟ ಬರೆದುಕೊಡಿ ಎಂದಿದ್ದೆ, ಮೂವತ್ತೊಂದು ಬಂತು! ಕೊನೆಯ ಪುಟದಲ್ಲಿ ಬರೀ ಹೆಸರುಗಳು.

"ಯಾರು ಭಾವ ಇವರೆಲ್ಲ?"

"ಟ್ರೇನಿಂಗಲ್ಲಿ ಸಮುದ್ರಕ್ಕೆ ಬಿದ್ದು ಹೋದ ಹುಡುಗರು. ಆಗ ಅಲ್ಲಿ ಮೆಕ್ಯಾನಿಕ್ ಆಗಿದ್ದ ಒಬ್ಬ ಅಜ್ಜ ಇನ್ನೂ ಆ ದ್ವೀಪದಲ್ಲೇ ಇದ್ದಾನೆ. ಸಾಯೋದ್ರೊಳಗೆ ಈ ಹೆಸರು ಎಲ್ಲಾದ್ರೂ ಪ್ರಿಂಟ್ ಆಗಿದ್ದು ನೋಡ್ಬೇಕಂತೆ. ಯಾರೂ ಹಾಕಲಿಲ್ಲ."

"ಅಜ್ಜನಿಗೆ ಕನ್ನಡ ಬರುತ್ತಾ?"

"ನಿನಗೆ ಬರುತ್ತಲ್ಲ, ಸಾಕು."

ಸಂಪಾದಕಿಯ ಕತ್ತರಿಗೆ ಭಾವನೂ ಒಂದೇ, ಮೈದುನನೂ ಒಂದೇ! ಲೇಖನವನ್ನು ಒಂದು ಪುಟಕ್ಕಿಳಿಸಿ, ಹೆಸರುಗಳನ್ನು ತೆಗೆದು, ಆ ಜಾಗದಲ್ಲಿ ಹೋಳಿಗೆ ಮಾಡುವ ವಿಧಾನ ಹಾಕಿದೆ.

ಅಚ್ಚಾದ ಮೊದಲ ಪ್ರತಿಯನ್ನು ಭಾವನವರು ಎರಡು ಸಲ ತಿರುವಿ ಹಾಕಿದರು. "ಚೆನ್ನಾಗಿ ಬಂದಿದೆಯಮ್ಮ," ಎಂದು ಮೇಜಿನ ಮೇಲಿಟ್ಟರು, ಅಷ್ಟೇ. ಗಂಟೆಗಟ್ಟಲೆ ಕೊರೆಯುವ ಮನುಷ್ಯ ಸುಮ್ಮನಾದರೆ ಸಹಿಸುವುದು ಹೇಗೆ? ನನಗೆ ನನ್ನ ಮೇಲೇ ಅಸಹ್ಯವಾಯಿತು. ಪುಣ್ಯಕ್ಕೆ ಸಂಚಿಕೆ ಇನ್ನೂ ಹಂಚಿರಲಿಲ್ಲ. ಹೆಸರಿನ ಪುಟವನ್ನು ಬೇರೆಯಾಗಿ ಅಚ್ಚು ಹಾಕಿಸಿ, ಪ್ರತಿಯೊಂದಕ್ಕೂ ನಾನೇ ಸ್ಟೇಪಲ್ ಹೊಡೆದೆ.

ಆ ಶನಿವಾರ ಭಾವನವರ ಜೊತೆ ನಾನೂ ದ್ವೀಪಕ್ಕೆ ಹೋದೆ. ಅಜ್ಜ ಪುಟವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದ. ಆಮೇಲೆ ಮೊದಲ ಸಾಲಿನ ಮೇಲೆ ಬೆರಳಿಟ್ಟು, ಇದು ಯಾರು ಎಂದು ಕೇಳಿದ. ನಾನು ಓದಿದೆ. ಅವನು ಟೋಪಿ ತೆಗೆದ. ಒಂಬತ್ತು ಹೆಸರು ಮುಗಿಯುವವರೆಗೂ ಹಾಗೆಯೇ ನಿಂತಿದ್ದ.

ಇನ್ನೊಂದು ಸಲ ಓದುತ್ತೀಯಾ, ಎಂದ.

ನಾನು ಹಾಳೆಯನ್ನು ಭಾವನವರತ್ತ ಚಾಚಿದೆ. ಅವರು ಅದನ್ನು ನೋಡದೆಯೇ ಒಂಬತ್ತೂ ಹೆಸರುಗಳನ್ನು ಹೇಳಿದರು.