ಗೋಡೆಯಾಚೆಯ ಮನೆಪಟ್ಟಿ

ಕಲ್ಲೇಶನ ಹೊಟ್ಟೆಗೆ ಬೆಂಕಿ ಬಿದ್ದದ್ದು ಏಪ್ರಿಲ್ ತಿಂಗಳ ಒಂದು ಮುಂಜಾನೆ, ಪಕ್ಕದ ಮನೆಯ ಸಂಗವ್ವ ಕಂಪೌಂಡ್ ಗೋಡೆಯ ಮೇಲೆ ಮೊಣಕೈ ಊರಿ ಆಡಿದ ಒಂದೇ ಮಾತಿನಿಂದ.

"ಈ ಸಲ ನಮ್ಮ ಮನಿಪಟ್ಟಿ ಹದಿನೆಂಟು ಸಾವಿರದ ಮುನ್ನೂರು ಬಂತು ನೋಡ್ರಿ, ಸುಕನ್ಯಾ ವೈನಿ. ಮನಿ ಕಿಮ್ಮತ್ತು ಏರೈತಿ ಅಂದ್ರು ನಮ್ಮವರು. ಏನ್ ಮಾಡೂದ್ರಿ, ದೊಡ್ಡ ಮನಿ ಇದ್ದವರಿಗೆ ದೊಡ್ಡ ತ್ರಾಸು!"

ಮಾತು ದೂರಿನದು, ಮುಖ ಮಾತ್ರ ಮದುವೆ ಮನೆಯದು. ಒಳಗೆ ಬನಿಯನ್ನಿನಲ್ಲಿ ಕೂತು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದ ಕಲ್ಲೇಶನ ಕೈ ಅರ್ಧಕ್ಕೇ ನಿಂತಿತು. ಅವನ ಮನೆಗೆ ಬರುತ್ತಿದ್ದ ತೆರಿಗೆ ಐದು ಸಾವಿರದ ನಾನೂರು. ಕಳೆದ ವರ್ಷ ಅದನ್ನು ಕಟ್ಟುವಾಗಲೇ ಅವನು ಪಾಲಿಕೆಯವರನ್ನು ಬಾಯಿತುಂಬ ಬೈದಿದ್ದ. ಈಗ ಅದೇ ಐದು ಸಾವಿರ ಅವನಿಗೆ ಭಿಕ್ಷೆಯಷ್ಟು ಸಣ್ಣದಾಗಿ ಕಂಡಿತು.

ಕಾಣದೇನು ಮಾಡೀತು? ಗೋಪನಕೊಪ್ಪದ ಆ ಓಣಿಯಲ್ಲಿ ಎರಡೂ ಮನೆಗಳು ಒಂದೇ ವರ್ಷ ಎದ್ದಿದ್ದವು. ಗೌಂಡಿ ಒಬ್ಬನೇ, ನಕ್ಷೆ ಒಂದೇ, ಮೂವತ್ತು ನಲವತ್ತರ ಜಾಗವೂ ಒಂದೇ ಅಳತೆಯದು. ವ್ಯತ್ಯಾಸ ಇದ್ದದ್ದು ತಲೆಬಾಗಿಲಿನಲ್ಲಿ ಮಾತ್ರ. ಕಲ್ಲೇಶನದು ಸಾಗವಾನಿ, ಸಂಗವ್ವನ ಗಂಡ ಬಸಣ್ಣನದು ಬರೀ ಬೇವು. ಹತ್ತು ವರ್ಷ ಕಲ್ಲೇಶ ಆ ಒಂದು ಬಾಗಿಲಿನ ಬಲದ ಮೇಲೆ ಸುಖವಾಗಿ ನಿದ್ದೆ ಮಾಡಿದ್ದ.

"ಬೇವಿನ ಬಾಗಲಕ್ಕ ಹದಿನೆಂಟು ಸಾವಿರಾನ?" ಎಂದ ಹೆಂಡತಿಗೆ.

"ಅವರ ರೊಕ್ಕ, ಅವರು ಕಟ್ಟಿಕೋತಾರ. ನಮಗ ಕಡಿಮಿ ಬಂದೈತಿ ಅಂತ ದೇವರಿಗೆ ಕೈ ಮುಗೀರಿ," ಎಂದಳು ಸುಕನ್ಯಾ, ರೊಟ್ಟಿ ಬಡಿಯುತ್ತಲೇ.

ಕೊತ್ತಂಬರಿ ತರಲು ಓಣಿಯ ಮೂಲೆಗೆ ಹೋದರೆ ಸುದ್ದಿ ಅವನಿಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಕಾಯಿಪಲ್ಲೆ ಮಾರುವ ರೆಹಮತ್‌ಬಿ ತಕ್ಕಡಿ ಹಿಡಿದುಕೊಂಡೇ ಕೇಳಿದಳು, "ಬಸಣ್ಣೋರ ಮನಿ ಈಗ ಕೋಟಿ ಬಾಳತೈತಂತ, ಖರೇ ಏನ್ರಿ? ನಿಮ್ದು ಅದರ ಬಾಜೂಕ ಇರೂ ಸಣ್ಣ ಮನಿ ಅಲ್ರಿ?"

ಸಣ್ಣ ಮನೆ! ಕಲ್ಲೇಶ ಕೊತ್ತಂಬರಿಯನ್ನು ಅಲ್ಲೇ ಬಿಟ್ಟು ಬಂದ.

ಅಡುಗೆಮನೆಯ ಗೋಡೆಯ ಮಾಡದಲ್ಲಿ ಸುಕನ್ಯಾಳ ಡಬ್ಬಿ ಇತ್ತು. ಖಡಕ್ ರೊಟ್ಟಿ ಮಾಡಿ ಅಂಗಡಿಗಳಿಗೆ ಕೊಟ್ಟು, ರೊಟ್ಟಿ ಒತ್ತುವ ಮಷೀನಿಗೆಂದು ಅವಳು ಎರಡು ವರ್ಷದಿಂದ ಕೂಡಿಟ್ಟ ಇಪ್ಪತ್ತು ಸಾವಿರ ಅದರಲ್ಲಿತ್ತು. ಬಡಿದು ಬಡಿದು ಅವಳ ಬಲಗೈ ರಟ್ಟೆ ಬಾತಿತ್ತು. ಅದು ಕಲ್ಲೇಶನಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡ. ಹೊಟ್ಟೆಕಿಚ್ಚು ಅಷ್ಟು ಕೆಟ್ಟದ್ದು.

ತೆರಿಗೆ ಕಚೇರಿಯಲ್ಲಿ ಉದ್ದನೆಯ ಸರದಿ. ಅವನ ಮುಂದೆ ರಾಮಪ್ಪ ಎಂಬ ಮುದುಕ ನಿಂತಿದ್ದ. ಶಿರಗುಪ್ಪಿ ಹಳ್ಳಿಯವ, ಈಚೆಗೆ ಪಟ್ಟಣಕ್ಕೆ ಬಂದು ಗೋಪನಕೊಪ್ಪದಲ್ಲೇ ಮನೆ ಕೊಂಡಿದ್ದ.

"ಊರಾಗಿನ ನಮ್ಮ ಮನಿ ಇದರ ಮೂರು ಪಟ್ಟು ಐತ್ರಿ," ಎಂದು ರಾಮಪ್ಪ ಗೋಳು ತೋಡಿಕೊಂಡ. "ಪಂಚಾಯ್ತಿಗೆ ನಾಕನೂರು ಕಟ್ಟಿ ಕೈ ತೊಳಕೋತೇನಿ. ಇಲ್ಲಿ ಎರಡು ಖೋಲಿ ಮನಿಗೆ ನಾಕ ಸಾವಿರ ಅಂತಾರ!"

"ಊರಿಗೊಂದು ದರ, ಓಣಿಗೊಂದು ದರ, ಅಜ್ಜಾರ," ಎಂದಳು ಕಂಪ್ಯೂಟರಿನ ಮುಂದಿನ ವಾಣಿಶ್ರೀ. "ಜಾಗಾ ಎಲ್ಲೈತಿ, ಮನಿ ಎಷ್ಟು ಹಳೇದು, ಸ್ವಂತಕ್ಕೋ ಬಾಡಿಗಿಗೋ ವ್ಯಾಪಾರಕ್ಕೋ, ಎಲ್ಲಾ ನೋಡಿ ಲೆಕ್ಕ ಬರತೈತಿ. ನೀವು ಹೇಳಿದ್ದು ನಾವು ತುಂಬೂದು."

ನೀವು ಹೇಳಿದ್ದು ನಾವು ತುಂಬುವುದು! ಕಲ್ಲೇಶನ ಕಿವಿ ನೆಟ್ಟಗಾಯಿತು. ತನ್ನ ಸರದಿ ಬಂದದ್ದೇ ಕುರ್ಚಿಯನ್ನು ಮುಂದಕ್ಕೆಳೆದು ಕೂತ.

"ಐದು ಸಾವಿರದ ನಾನೂರು, ಕಾಕಾ. ಹೋದ ವರ್ಷದಷ್ಟ."

"ಇನ್ನೊಮ್ಮೆ ನೋಡವಾ. ಏರಬೇಕದು."

ವಾಣಿಶ್ರೀ ಕನ್ನಡಕದ ಮೇಲಿಂದ ನೋಡಿದಳು. "ಕಾಕಾ, ಇಲ್ಲಿಗೆ ಬರೋರೆಲ್ಲಾ ಇಳಸ್ರಿ ಅಂತಾರ."

"ಅವರು ಬಡವರಿರಬೇಕು. ಮಾಳಗಿ ಮ್ಯಾಲೊಂದು ರೂಮ್ ಐತಿ, ಬರಿ."

ಆರು ಸಾವಿರದ ಎಂಟುನೂರಾಯಿತು.

"ಆ ರೂಮು ಬಾಡಿಗಿಗೆ ಕೊಟ್ಟೇವಿ ಅಂತ ಬರಿ." ಆ ಕೋಣೆಯಲ್ಲಿ ಅವನ ತಾಯಿ ದುರಗವ್ವ ಜಪಮಾಲೆ ಹಿಡಿದು ಕೂತಿರುತ್ತಿದ್ದಳು. ಲೆಕ್ಕ ಎಂಟು ಸಾವಿರ ದಾಟಿತು. ಸರದಿಯಲ್ಲಿದ್ದವರು ತಮ್ಮ ಜಾಗ ಬಿಟ್ಟು ಬಂದು ಕುರ್ಚಿಯ ಸುತ್ತ ನೆರೆದರು.

"ಇನ್ನೇನೈತ್ರಿ?" ಎಂದು ರಾಮಪ್ಪನೇ ಹುರಿದುಂಬಿಸಿದ.

ಕಲ್ಲೇಶ ಕಣ್ಣು ಮುಚ್ಚಿ ಮನೆಯನ್ನೆಲ್ಲ ಒಮ್ಮೆ ಸುತ್ತಿಬಂದ. "ಕೆಳಗಿನ ಮನಿ ಎಲ್ಲಾ ವ್ಯಾಪಾರಕ್ಕ ಐತಿ. ನಮ್ಮಾಕಿ ರೊಟ್ಟಿ ವ್ಯಾಪಾರ ಭಾರಿ!"

"ವ್ಯಾಪಾರ ಅಂದ್ರ ದರ ಭಾಳ ಬೀಳತೈತಿ, ಕಾಕಾ."

"ಬೀಳ್ಲಿ!"

ಹದಿನೆಂಟು ಸಾವಿರದ ಏಳುನೂರು. ಬಸಣ್ಣನಿಗಿಂತ ಸರಿಯಾಗಿ ನಾನೂರು ಹೆಚ್ಚು. ಕಲ್ಲೇಶನಿಗೆ ಎದೆಯ ಮೇಲಿನ ಬೀಸುಕಲ್ಲು ಇಳಿದಂತಾಯಿತು.

"ವ್ಯಾಪಾರ ಯಾವಾಗ ಶುರು ಆತ್ರಿ? ವಿಚಾರ ಮಾಡಿ ಹೇಳ್ರಿ," ಎಂದಳು ವಾಣಿಶ್ರೀ.

"ಐದು ವರ್ಷ ಆತು, ಬರಿ. ನಾವು ಸುಳ್ಳು ಹೇಳೂ ಮಂದಿ ಅಲ್ಲ," ಎಂದು ಕಲ್ಲೇಶ ಕಾಗದಕ್ಕೆ ಸಹಿ ಹಾಕಿದ.

ಡಬ್ಬಿಯ ತಳದಲ್ಲಿ ಸಾವಿರದ ಮುನ್ನೂರಷ್ಟೇ ಉಳಿಯಿತು. ರಸೀದಿಯನ್ನು ಎದೆಯ ಜೇಬಿನಲ್ಲಿ ಅರ್ಧ ಹೊರಗೆ ಕಾಣುವಂತೆ ಇಟ್ಟುಕೊಂಡು ಕಲ್ಲೇಶ ಓಣಿಗೆ ಬಂದ. ರೆಹಮತ್‌ಬಿಗೆ ತೋರಿಸಿದ, ಇಸ್ತ್ರಿ ಅಂಗಡಿಯವನಿಗೆ ತೋರಿಸಿದ, ವಿಳಾಸ ಕೇಳಲು ನಿಂತ ಅಪರಿಚಿತನಿಗೂ ತೋರಿಸಿದ. ಕೊನೆಗೆ ಬಸಣ್ಣನ ಬೇವಿನ ಬಾಗಿಲು ತಟ್ಟಿ, ಹೊರಬಂದವನ ಮೂಗಿನ ಮುಂದೆ ರಸೀದಿ ಹಿಡಿದ.

ಬಸಣ್ಣ ಓದಿದ. ಅವನ ಮುಖ ಬಾಡುತ್ತದೆಂದು ಕಲ್ಲೇಶ ಕಾದ. ಅದು ಬಾಡುವ ಬದಲು ಅರಳಿತು. ಬಸಣ್ಣ ಅವನ ರಟ್ಟೆ ಹಿಡಿದು ಗ್ಯಾರೇಜಿನ ಮೂಲೆಗೆ ಎಳೆದೊಯ್ದು ಪಿಸುಗುಟ್ಟಿದ.

"ಕಲ್ಲೇಶಾ, ನೀನೂ ನನ್ನಂಗನ ಏನೋ? ಎಷ್ಟು ವರ್ಷದ ಬಾಕಿ ಇತ್ತೋ ನಿಂದು?"

"ಬಾಕಿ? ಯಾವ ಬಾಕಿ?"

"ನನಗ ಯಾಕ ಮುಚ್ಚಿಡ್ತೀ? ಎರಡು ವರ್ಷ ನಮ್ಮಾಕಿ ಪಟ್ಟಿ ಕಟ್ರಿ ಅಂತ ಕೊಟ್ಟ ರೊಕ್ಕಾ ಇಸ್ಪೀಟಿನ್ಯಾಗ ಕಳಕೊಂಡ್ನೋ. ಈ ಸಲ ನೋಟಿಸು ಬಂತು. ಎರಡು ವರ್ಷದ ಬಾಕಿ, ಈ ವರ್ಷದ್ದು, ಮ್ಯಾಲ ದಂಡ, ಎಲ್ಲಾ ಕೂಡಿ ಹದಿನೆಂಟು ಸಾವಿರದ ಮುನ್ನೂರು ಕಟ್ಟಿದೆ. ಆಕಿಗೆ ಮನಿ ಕಿಮ್ಮತ್ತು ಏರೈತಿ ಅಂತ ಸುಳ್ಳು ಹೇಳೇನಿ. ನಿನ್ನ ಕಾಲ್ ಬೀಳ್ತೇನಿ, ಬಾಯಿ ಬಿಡಬ್ಯಾಡ."

ಕಲ್ಲೇಶ ರಸೀದಿಯನ್ನು ಕಸಿದು ಮತ್ತೆ ಜೇಬಿಗೆ ಇಟ್ಟುಕೊಂಡ.

"ಹಂಗಾದ್ರ... ನಿನ್ನ ಮನಿ ಖರೇ ಪಟ್ಟಿ ಎಷ್ಟೋ?"

"ಐದು ಸಾವಿರದ ನಾನೂರು. ನಿಮ್ದೂ ಅಷ್ಟ ಅಲ್ಲೇನು? ಒಂದ ಗೌಂಡಿ ಕಟ್ಟಿದ ಮನಿ," ಎಂದ ಬಸಣ್ಣ.

ಕಲ್ಲೇಶ ಮನೆಗೆ ಹೇಗೆ ಬಂದನೋ ಅವನಿಗೇ ತಿಳಿಯದು. ಒಳಗೆ ದುರಗವ್ವ ಮಾಳಿಗೆಯಿಂದ ಇಳಿದು ಬಂದು ಪಡಸಾಲೆಯಲ್ಲಿ ಕಾದಿದ್ದಳು. ರಾಮಪ್ಪನಿಂದ ಹೊರಟ ಸುದ್ದಿ ಓಣಿಯೆಲ್ಲ ಸುತ್ತಿ ಅವಳ ಕಿವಿ ಮುಟ್ಟಿತ್ತು.

"ಯಪ್ಪಾ ಕಲ್ಲೇಶಾ, ನಾ ನಿನಗ ಯಾವಾಗ ಬಾಡಿಗಿ ಕೊಟ್ಟೆನೋ?"

ಸುಕನ್ಯಾ ಮಾಡದ ಖಾಲಿ ಜಾಗವನ್ನು ನೋಡಿದಳು, ಗಂಡನ ಜೇಬಿನ ರಸೀದಿಯನ್ನು ನೋಡಿದಳು, ಬಾತ ರಟ್ಟೆಯನ್ನು ಎಡಗೈಯಲ್ಲಿ ತಿಕ್ಕಿಕೊಂಡು ಮತ್ತೆ ರೊಟ್ಟಿ ಬಡಿಯಲು ಕೂತಳು. ಒಂದೊಂದು ಬಡಿತವೂ ಕಲ್ಲೇಶನ ಬೆನ್ನಿಗೇ ಬಿದ್ದಂತಿತ್ತು. ಬರೆಸಿದ್ದನ್ನು ಅಳಿಸಲು ಕೇಳೋಣವೆಂದು ಅಂಗಳಕ್ಕೆ ಬಂದು ಕಚೇರಿಗೆ ಫೋನ್ ಹಚ್ಚಿದ. ಅವಸರದಲ್ಲಿ ಸ್ಪೀಕರ್ ಒತ್ತಿದ್ದು ಅವನ ಗಮನಕ್ಕೆ ಬರಲಿಲ್ಲ.

"ಛಲೋ ಆತು, ಕಾಕಾ, ನಾನ ಹಚ್ಚಾಕತ್ತಿದ್ದೆ," ಎಂದು ವಾಣಿಶ್ರೀಯ ಧ್ವನಿ ಅಂಗಳದ ತುಂಬ ಮೊಳಗಿತು. "ಐದು ವರ್ಷದಿಂದ ವ್ಯಾಪಾರ ಐತಿ ಅಂತ ನೀವ ಸಹಿ ಮಾಡೀರಿ. ಹಿಂದಿನ ನಾಕು ವರ್ಷದ ಫರಕು, ಮ್ಯಾಲ ದಂಡ, ಬಾಕಿ ತೋರ್ಸಾಕತ್ತೈತಿ. ಅರವತ್ತೊಂದು ಸಾವಿರ, ಕಾಕಾ! ಲಗೂ ಕಟ್ರಿ."

ಗೋಡೆಯಾಚೆ ಪಾತ್ರೆ ಬಿದ್ದ ಸದ್ದಾಯಿತು.

"ಕೇಳಿದ್ರ್ಯಾ?" ಸಂಗವ್ವ ಗಂಡನ ಮೇಲೆ ಹರಿಹಾಯ್ದಳು. "ಅವರ ಮನಿಗೆ ಅರವತ್ತೊಂದು ಸಾವಿರ ಅಂತ! ಹದಿನೆಂಟು ಸಾವಿರದ ಮನ್ಯಾಗ ನನ್ನ ಕುಂದ್ರಿಸಿ ಮೀಸಿ ತಿರುವ್ತೀರಿ. ಇನ್ನ ಓಣ್ಯಾಗ ನಾ ಹೆಂಗ ಮಾರಿ ತೋರ್ಸ್ಲಿ?" ಎಂದು ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಆ ಅಳುವನ್ನು ಕೇಳಲೆಂದೇ ಕಲ್ಲೇಶ ಮುಂಜಾನೆ ಮನೆಯಿಂದ ಹೊರಟಿದ್ದ. ಈಗ ಕೇಳುತ್ತ ನಿಂತರೂ ಅವನಿಗೆ ಸಂತೋಷವಾಗಲಿಲ್ಲ. ಬಸಣ್ಣನ ಮೇಲೆ ಮುಂಜಾನೆಗಿಂತ ಮೂರು ಪಟ್ಟು ಹೊಟ್ಟೆಕಿಚ್ಚಾಯಿತು. ಬರುವ ವರ್ಷ ಆ ಪುಣ್ಯಾತ್ಮ ಕಟ್ಟುವುದು ಐದು ಸಾವಿರದ ನಾನೂರು ಮಾತ್ರ.