ನಮ್ಮ ಕಾಕಾ ‘ಒಲ್ಲೆ’ ಅನ್ನಲು ಕಲಿತದ್ದು

ನಮ್ಮ ಕಾಕಾನಿಗೆ ಕನ್ನಡ ಬರುತ್ತದೆ. ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಹಿಂದಿ ಬರುತ್ತದೆ. ಬೈಯುವುದಕ್ಕೆ ಬೇಕಾದಷ್ಟು ಮರಾಠಿಯೂ ಬರುತ್ತದೆ. ಐವತ್ನಾಲ್ಕು ವರ್ಷವಾದರೂ ಬಾರದೇ ಉಳಿದದ್ದು ಒಂದೇ ಒಂದು ಶಬ್ದ: ‘ಒಲ್ಲೆ’! ಎರಡೇ ಅಕ್ಷರ. ನಮ್ಮ ಕಡೆ ಹಾಲು ಕುಡಿಯುವ ಕೂಸೂ ಮಾರಿ ತಿರುವಿ ಅನ್ನುವ ಮಾತು. ಅದು ಬಾರದ್ದಕ್ಕೇ ಕಾಕಾ ನೂರಾ ಮೂವತ್ತೆರಡು ಕಿಲೋ ಆದ. ಅದನ್ನು ಕಲಿಸುವ ಜವಾಬ್ದಾರಿ ಅವನ ಅಣ್ಣನ ಮಗಳಾದ ನನ್ನ ಕೊರಳಿಗೆ ಬಿತ್ತು. ನಾನು ಕುಂದಗೋಳದ ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರು. ಎಂಥೆಂಥ ಹಟಮಾರಿಗಳಿಗೆ ಕಾಗುಣಿತ ಕಲಿಸಿದವಳು, ಕಾಕಾನ ಮುಂದೆ ಸೋತು ಸುಣ್ಣವಾದೆ.

ಕಾಕಾ ಗುಡಗೇರಿಯಲ್ಲಿ ಒಬ್ಬನೇ ಇರುತ್ತಾನೆ. ಕರೆಂಟಿನ ಮೀಟರ್ ನೋಡಿ ಬಿಲ್ಲು ಹರಿದುಕೊಡುವುದು ಅವನ ಕೆಲಸ. ಗುಡಗೇರಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಅವನು ಕಾಲಿಡದ ಮನೆಯಿಲ್ಲ, ಅನ್ನ ಉಣ್ಣದ ಪಡಸಾಲೆಯಿಲ್ಲ. ಮೊದಲನೆಯ ಮನೆಯಲ್ಲಿ ಅವಲಕ್ಕಿ, ಎರಡನೆಯದರಲ್ಲಿ ಚಹಾ, ಮೂರನೆಯದರಲ್ಲಿ ಬಿಸಿ ರೊಟ್ಟಿ, ಝುಣಕ, ಮೇಲೊಂದು ಬೆಣ್ಣೆಯ ಮುದ್ದೆ! ಉಣ್ಣಿಸಿ ಕಳಿಸಿದರೆ ಬಿಲ್ಲು ಕಡಿಮೆ ಬರುತ್ತದೆಂಬ ನಂಬಿಕೆಯೂ ಕೆಲವರಲ್ಲಿತ್ತು. ಮಷೀನಿನಿಂದ ಬರುವ ಬಿಲ್ಲಿಗೆ ಬೆಣ್ಣೆಯ ರುಚಿ ಗೊತ್ತೇ? ಮೀಟರ್ ನಂಬರ್ ಹೇಳಿದರೆ ತಲೆ ಕೆರೆದುಕೊಳ್ಳುವ ಕಾಕಾನಿಗೆ, “ಶೇಂಗಾ ಹೋಳಿಗಿ ಮನಿ” ಎಂದರೆ ಓಣಿ ಸಮೇತ ನೆನಪಾಗುತ್ತಿತ್ತು.

ಮದುವೆ ಏಕೆ ಆಗಲಿಲ್ಲ ಅನ್ನುತ್ತೀರಾ? ಆಗಬೇಕಿತ್ತು. ಅಣ್ಣಿಗೇರಿಯಲ್ಲಿ ಒಂದು ಹುಡುಗಿಯನ್ನು ನೋಡಲು ಹೋಗಿದ್ದ. ಅವರು ಶಿರಾ, ಉಪ್ಪಿಟ್ಟು ತಂದಿಟ್ಟರು. ಉಪಚಾರಕ್ಕೆ “ಇನ್ನೊಂದೀಟು” ಎಂದರು. ಇವನಿಗೆ ‘ಒಲ್ಲೆ’ ಬರುವುದಿಲ್ಲವಲ್ಲ! ಹುಡುಗಿಯ ತಾಯಿ ಐದು ಸಲ ಒಳಗೂ ಹೊರಗೂ ಓಡಾಡಿದಳು. ಹುಡುಗಿ ಮಾತ್ರ ಹೊರಗೆ ಬರಲೇ ಇಲ್ಲ. ಹೇಗೆ ಬಂದಾಳು ಪಾಪ? ಒಲೆಯ ಮುಂದೆ ಕೂತು ಇನ್ನೊಂದು ಬೋಗುಣಿ ಶಿರಾ ತಿರುವುತ್ತಿದ್ದಳು. ಮನೆಗೆ ಬಂದ ಮೇಲೆ ನಮ್ಮ ಅಜ್ಜಿ ಕೇಳಿದಳು, “ಹುಡುಗಿ ಹೆಂಗ ಅದಾಳೋ?”

“ಶಿರಾ ಅಗದಿ ಚಲೋ ಇತ್ತು ಬೇ,” ಎಂದ ಕಾಕಾ.

ಹುಡುಗಿಯ ಅಪ್ಪನಿಂದ ಮರುದಿನವೇ ಸುದ್ದಿ ಬಂತು: “ಮಾಡಿ ಹಾಕಿ ಮಾಡಿ ಹಾಕಿ ನಮ್ಮ ಕೂಸು ಸವದ ಹೋದೀತು.” ಆಮೇಲೆ ಯಾರೂ ಹೆಣ್ಣು ತೋರಿಸಲಿಲ್ಲ, ಕಾಕಾನೂ ಕೇಳಲಿಲ್ಲ. ಅಜ್ಜಿ ಇರುವ ತನಕ ತಾಯಿ ಮಗ ಇಬ್ಬರೇ ಇದ್ದರು. ಅಜ್ಜಿ ಹೋದ ಮೇಲೆ ಅವನು ಒಬ್ಬನೇ ಉಳಿದ.

ಆಪರೇಷನ್ನಿನ ಮಾತು ಹುಟ್ಟಿದ್ದು ಒಂದು ಸಂದಿಯಲ್ಲಿ. ಎರಡು ಮನೆಗಳ ನಡುವಿನ ಇಕ್ಕಟ್ಟಿನಲ್ಲಿ ಯಾವ ಪುಣ್ಯಾತ್ಮ ಮೀಟರ್ ಕೂಡಿಸಿದ್ದನೋ! ಕಾಕಾ ಅಡ್ಡಾಗಿ ನುಗ್ಗಿದ, ನುಗ್ಗಿದವನು ಅಲ್ಲೇ ಸಿಕ್ಕಿಕೊಂಡ. ಮುಂದೆ ಹೋಗಲಾರ, ಹಿಂದೆ ಬರಲಾರ. ಓಣಿಯ ಮಂದಿಯೆಲ್ಲ ಕೂಡಿತು. ಒಬ್ಬರು ಎಣ್ಣೆ ತಂದರು, ಒಬ್ಬರು ಹಗ್ಗ ತಂದರು, ಒಬ್ಬ ಮುದುಕಿ ಮಾತ್ರ ಹಸಿವಾದೀತೆಂದು ಹಿಂದಿನಿಂದ ಒಂದು ಉಂಡಿ ಚಾಚಿದಳು. ಕಾಕಾ ತಿಂದ. ತಿಂದು, ಅಲ್ಲಿಂದಲೇ ಕೂಗಿದ, “ರೀಡಿಂಗ್ ಬರ್ಕೋರಿ, ನಾಲ್ಕನೂರಾ ಹನ್ನೆರಡು!” ಕೊನೆಗೆ ಎಳೆದು ಹೊರಗೆ ತೆಗೆದಾಗ ಉಸಿರು ಸಿಗದೆ ತುಟಿ ನೀಲಿಯಾಗಿತ್ತು. ಅದರ ಮರುವಾರವೇ ನಾನು ಅವನನ್ನು ಹುಬ್ಬಳ್ಳಿಯ ದವಾಖಾನೆಗೆ ಕರೆದುಕೊಂಡು ಹೋದೆ.

ಡಾಕ್ಟರು ಎಲ್ಲ ತಪಾಸಣೆ ಮಾಡಿ, ತೂಕ ಇಳಿಸುವ ಆಪರೇಷನ್ ಮಾಡದಿದ್ದರೆ ಎದೆಗೆ ಅಪಾಯ ಎಂದರು. ಆದರೆ ಅದಕ್ಕೂ ಮೊದಲು ಮೂರು ತಿಂಗಳಲ್ಲಿ ಹನ್ನೆರಡು ಕಿಲೋ ತಾನೇ ಇಳಿಸಿಕೊಂಡು ಬರಬೇಕಂತೆ.

ಕಾಕಾ ಕಣ್ಣು ಕಣ್ಣು ಬಿಟ್ಟ. “ಇಳಿಸಾಕ ಬರೂದಿಲ್ಲಂತನ ನಾ ಇಲ್ಲಿಗೆ ಬಂದೇನ್ರಿ. ನಾನ ಇಳಿಸ್ಕೊಂಡ ಬಂದ್ರ ನೀವ್ಯಾಕ ಬೇಕ್ರಿ?”

“ಹೊಲಾ ಹರಗದನ ಬಿತ್ತತಾರೇನ್ರಿ ಕಾಕಾ?” ಎಂದರು ಡಾಕ್ಟರು. “ನಿಮ್ಮ ಲಿವರ್ ಕೊಬ್ಬಿ ಕುಂತೈತಿ. ಅದು ಸಣ್ಣ ಆದ್ರನ ನಮಗ ಒಳಗ ಕೆಲಸಾ ಮಾಡಾಕ ಜಾಗಾ ಸಿಗತೈತಿ. ಇನ್ನೊಂದು, ನಾವು ಆಪರೇಷನ್ ಮಾಡೂದು ಹೊಟ್ಟಿಗಷ್ಟ. ರೂಢಿ ನೀವ ಬದಲಿ ಮಾಡ್ಕೋಬೇಕು.”

ರೂಢಿಗಳ ಪಟ್ಟಿ ಕೊಟ್ಟವಳು ಪಕ್ಕದ ಕೋಣೆಯ ಡಯಟಿಷಿಯನ್, ನನ್ನ ಶಾಲೆ ಬಿಟ್ಟು ನಿನ್ನೆ ಮೊನ್ನೆ ಹೋದವಳ ಹಾಗಿದ್ದ ಹುಡುಗಿ. ಸಣ್ಣ ತಾಟಿನಲ್ಲಿ ಉಣ್ಣಬೇಕು. ಒಂದೊಂದು ತುತ್ತನ್ನೂ ಇಪ್ಪತ್ತೈದು ಸಲ ಅಗಿಯಬೇಕು. ಊಟದ ನಡುವೆ ನೀರು ಕುಡಿಯಬಾರದು. ಸಕ್ಕರೆ ಚಹಾ ಬಂದ್. ಮುಂಜಾನೆ ಸಂಜೆ ನಡೆಯಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಯಾರು ಏನು ಕೊಟ್ಟರೂ ಒಲ್ಲೆ ಅನ್ನಬೇಕು.

“ಕಡೀದೊಂದ ಬಿಟ್ಟ ಉಳದದ್ದೆಲ್ಲಾ ಮಾಡ್ತೇನವಾ,” ಎಂದ ಕಾಕಾ. ಆ ಹುಡುಗಿ ನಗುತ್ತ, ಕೊನೆಯದೇ ಮುಖ್ಯ ಎಂದು ಅದರ ಕೆಳಗೆ ಗೆರೆ ಎಳೆದಳು.

ಕುಂದಗೋಳದಲ್ಲಿ, ನನ್ನ ಗಂಡನ ಮನೆಯ ಅಡುಗೆಮನೆಯಲ್ಲಿ ಪಾಠ ಶುರುವಾಯಿತು. ನಾನು ರೊಟ್ಟಿ ಹಿಡಿದು ಮುಂದೆ ಬರುವುದು, ಅವನು ಒಲ್ಲೆ ಅನ್ನುವುದು. “ಹಾಕಲ್ಯಾ ಕಾಕಾ?” ಎಂದೆ. “ಒಲ್ಲೆ...” ಎಂದವನು ಉಗುಳು ನುಂಗಿ, “ಒಲ್ಲೆ ಅಂದ್ರ, ಅರ್ಧಾ ಹಾಕು,” ಎಂದ! ಎರಡನೆಯ ಸಲ ಗಟ್ಟಿಯಾಗಿ ಕಣ್ಣು ಮುಚ್ಚಿ, ಮುಖ ಆ ಕಡೆ ತಿರುಗಿಸಿ, “ಒಲ್ಲೆ ಅಂದ್ರ ಒಲ್ಲೆ!” ಎಂದು ಗುಡುಗಿದ. ನನಗೆ ಖುಷಿಯಾಯಿತು. ಕೆಳಗೆ ನೋಡಿದರೆ, ಕೈ ತಾಟನ್ನು ಮುಂದೆ ಚಾಚಿತ್ತು.

ತೂಕ ನೋಡಿಕೊಳ್ಳಲು ನಾನು ಕೊಡಿಸಿದ ಮಷೀನು ಎರಡೇ ದಿನದಲ್ಲಿ ಮುರಿಯಿತು. ಆಮೇಲೆ ಪ್ರತಿ ವಾರ ಗುಡಗೇರಿಯ ಕಾಳಿನ ಅಂಗಡಿಯ ಕಾಟಾ ಮೇಲೆ ನಿಲ್ಲತೊಡಗಿದ. ಚೀಲ ತೂಗುವ ಹಮಾಲರು ಕೆಲಸ ಬಿಟ್ಟು ಸುತ್ತ ನಿಲ್ಲುವರು. “ಒಂದ ಚೀಲ ಕಡ್ಲಿ, ಮ್ಯಾಲ ಮೂವತ್ತು!” ಎಂದು ಒಬ್ಬ ಕೂಗುವನು. ಕಾಕಾ ಅಂಗಡಿಯ ಸಾವಕಾರನ ಜೊತೆ ವಾದಕ್ಕೆ ಇಳಿದ. “ರೈತರ ಕಾಳಿಗೆ ಮಣ್ಣು, ಕಸಾ ಅಂತ ಎರಡ ಕಿಲೋ ಕಡೀತಿರಿಲ್ಲೋ? ನನಗೂ ಕಡೀರಿ. ನಾನೂ ದಿನಾ ಧೂಳಾಗ ಅಡ್ಡಾಡಾಂವ!”

ಈದ್ ದಿನದ ಕಥೆ ಕೇಳಿ. ಟೇಲರ್ ಮನೆಯ ಚಾಚಿ ಪ್ರತಿ ವರ್ಷ ಕಾಕಾನಿಗಾಗಿ ಒಂದು ದೊಡ್ಡ ಬಟ್ಟಲು ಸುರಕುಂಬಾ ಎತ್ತಿಡುತ್ತಾಳೆ. ಇವನು ಬಾಗಿಲಲ್ಲೇ ಕೈಮುಗಿದ. “ಹಬ್ಬದ ದಿನಾ ಒಲ್ಲೆ ಅಂದ್ರ ವರ್ಷಾನಗಟ್ಲೆ ಮಾತ ಬಿಡ್ತೇನ್ ನೋಡ್ರಿ ಭಾಯಿ,” ಎಂದಳು ಚಾಚಿ. ಸರಿ, ನಾಲ್ಕು ಚಮಚಕ್ಕೆ ರಾಜಿಯಾಯಿತು. ಆದರೆ ಡಯಟಿಷಿಯನ್ನಿಗೆ ಕೊಟ್ಟ ಮಾತು ಬಿಡುವುದುಂಟೇ? ಹಾಲಿನಲ್ಲಿ ತೇಲುವ ಶ್ಯಾವಿಗೆಯನ್ನು ಬಾಯಲ್ಲಿಟ್ಟುಕೊಂಡು, ಬೆರಳು ಮಡಚುತ್ತ ಇಪ್ಪತ್ತೈದು ಸಲ ಅಗಿದ. ಚಾಚಿಯ ಮುಖ ಸಣ್ಣದಾಯಿತು. “ಯಾಕ್ರೀ ಭಾಯಿ, ಹರಳ ಬಂತೇನ್ರಿ?” ಎಂದು ಗಾಬರಿಯಿಂದ ಕೇಳಿದಳಂತೆ. ಎಣಿಕೆ ತಪ್ಪುತ್ತದೆಂದು ಕಾಕಾ ಉತ್ತರ ಕೊಡಲಿಲ್ಲ. ಅವಳು ಇಡೀ ಪಾತೇಲಿಯ ಸುರಕುಂಬಾವನ್ನು ಸೋಸಿ ನೋಡಿದಳು.

ಆದರೂ ಕಾಕಾ ಕಲಿತ! ಮೆಲ್ಲಗೆ, ತೊದಲುತ್ತ, ತಾನು ತಪ್ಪು ಮಾಡಿದವನ ಹಾಗೆ, “ಈಗ ಒಲ್ಲೆರಿ, ಡಾಕ್ಟರ್ ಬ್ಯಾಡಂದಾರ,” ಅನ್ನತೊಡಗಿದ. ಊರಿಗೆ ಊರೇ ಕೆಟ್ಟ ಮುಖ ಮಾಡಿತು. “ಯಾರ ಮನ್ಯಾಗ ಉಂಡ ಬಂದಿ? ನಮ್ಮ ರೊಟ್ಟಿ ರುಚಿ ಹತ್ತಂಗಿಲ್ಲೇನು?” ಎಂದು ಒಬ್ಬ ಅಜ್ಜಿ ಜಗಳ ತೆಗೆದಳು. “ಈ ಸಲ ಬಿಲ್ಲ ಜಾಸ್ತಿ ಹಾಕಾಂವ ಅದಾನು, ಅದಕ್ಕ ನಮ್ಮ ಋಣಾ ಬ್ಯಾಡಾಗೇತಿ,” ಎಂದರು ಇನ್ನು ಕೆಲವರು. ಕಾಕಾ ಇದನ್ನೆಲ್ಲ ಫೋನಿನಲ್ಲಿ ಹೇಳುವನು. ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ಅಭಿನಯಿಸಿ ತೋರಿಸುವೆ. ನಕ್ಕು ನಕ್ಕು ನಮ್ಮ ಹೆಡ್‌ಮಾಸ್ತರರ ಕಣ್ಣಲ್ಲಿ ನೀರು!

ಎರಡನೆಯ ತಿಂಗಳಲ್ಲಿ ಕಾಕಾ ಒಂದು ಸಂಗತಿ ಹೇಳಿದ. ಹದಿನೈದು ದಿನ ಹಿಡಿಯುತ್ತಿದ್ದ ಮೀಟರ್ ಕೆಲಸ ಈಗ ಆರೇ ದಿನಕ್ಕೆ ಮುಗಿಯುತ್ತದಂತೆ. ನಾನು ಭೇಷ್ ಎಂದೆ. ಹಗುರಾಗಿ ಚುರುಕಾಗಿದ್ದಾನೆ ಎಂದುಕೊಂಡೆ. ನಿಜ ಸಂಗತಿ ಬೇರೆಯೇ ಇತ್ತು, ನನಗೆ ತಿಳಿದದ್ದು ಆಮೇಲೆ. ನಮ್ಮ ಕಡೆ ಒಬ್ಬರನ್ನು ಒಳಗೆ ಕರೆದ ಮೇಲೆ ಬರಿಗೈಯಲ್ಲಿ ಕೂರಿಸುವ ಪದ್ಧತಿ ಇಲ್ಲ. ಬೆಲ್ಲ ನೀರಾದರೂ ಕೊಡಬೇಕು. ಕೊಡುವ ಹಾಗಿಲ್ಲವೆಂದರೆ ಕರೆಯುವುದಕ್ಕೆ ಬಾಯಿಯೇ ಬರುವುದಿಲ್ಲ. ಮಂದಿ ಕೆಟ್ಟವರಲ್ಲ, ಅವರಿಗೆ ನಾಚಿಕೆ. “ಮೀಟರ್ ಹೊರಗ ಐತ್ರಿ, ನೋಡ್ಕೊಂಡ ಹೋಗ್ರಿ,” ಎಂದು ಒಳಗಿನಿಂದಲೇ ಕೂಗುತ್ತಿದ್ದರು. ಕಾಕಾ ಬಿಲ್ಲು ಹರಿದು ಬಾಗಿಲಿಗೆ ಸಿಕ್ಕಿಸಿ ಮುಂದಿನ ಮನೆಗೆ ಹೋಗುತ್ತಿದ್ದ. ಮಧ್ಯಾಹ್ನಕ್ಕೇ ಮನೆ ಸೇರಿ, ಸಣ್ಣ ತಾಟಿನ ಮುಂದೆ ಕೂತು ಗೋಡೆ ನೋಡುತ್ತ ಇಪ್ಪತ್ತೈದು ಸಲ ಅಗಿಯುತ್ತಿದ್ದ. ಸಂಜೆ ಸ್ಟೇಷನ್ನಿಗೆ ಹೋಗಿ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ. “ಎಲ್ಲಿಗೆ ಹೊಂಟೀರಿ?” ಎಂದು ಯಾರಾದರೂ ಕೇಳಿದರೆ, “ಎಲ್ಲಿಗೂ ಇಲ್ರಿ,” ಎಂದು ಮತ್ತೆ ತಿರುಗುತ್ತಿದ್ದ. ಈ ಪ್ಲಾಟ್‌ಫಾರ್ಮಿನ ತಿರುಗಾಟವನ್ನು ಅವನು ಫೋನಿನಲ್ಲಿ ಹೇಳಿದಾಗ, ಅದನ್ನೂ ನಾನು ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸಿದೆ.

ಮೂರು ತಿಂಗಳಿಗೆ ಸರಿಯಾಗಿ ಹನ್ನೆರಡು ಕಿಲೋ ಇಳಿಯಿತು. ಡಾಕ್ಟರು ಕೈ ಕುಲುಕಿದರು, ಡಯಟಿಷಿಯನ್ ಹುಡುಗಿ ಚಪ್ಪಾಳೆ ತಟ್ಟಿದಳು, ಆಪರೇಷನ್ನಿಗೆ ತಾರೀಕು ಕೊಟ್ಟರು. ಹುಬ್ಬಳ್ಳಿಯಿಂದ ಪ್ಯಾಸೆಂಜರ್ ಗಾಡಿಯಲ್ಲಿ ಹೊರಟೆವು. ನಾನು ಕುಂದಗೋಳದಲ್ಲಿ ಇಳಿಯುವವಳು, ಅವನು ಮುಂದೆ ಗುಡಗೇರಿಗೆ. ಗಾಡಿ ಹುಬ್ಬಳ್ಳಿ ದಾಟಿತ್ತು. ಕಾಕಾ ಒಮ್ಮೆಲೇ ನನ್ನ ಕಡೆ ತಿರುಗಿ, “ನಾ ಆಪರೇಷನ್ ಒಲ್ಲೆ,” ಎಂದ.

ತೊದಲಲಿಲ್ಲ. ಕಣ್ಣು ಮುಚ್ಚಲಿಲ್ಲ. ಅರ್ಧ ಹಾಕು ಅನ್ನಲಿಲ್ಲ.

ನನ್ನ ಸಿಟ್ಟು ನೆತ್ತಿಗೇರಿತು. ನನ್ನ ರಜೆಗಳು, ನನ್ನ ಓಡಾಟ, ನನ್ನ ಬುದ್ಧಿವಾದ, ಎಲ್ಲವನ್ನೂ ಎಣಿಸಿ ಎಣಿಸಿ ಬೈದೆ. ಶೇಂಗಾ ಮಾರುವವನು ಬುಟ್ಟಿ ಕೆಳಗಿಟ್ಟು ನಿಂತು ಕೇಳಿದ. ಕಾಕಾ ಕಿಡಕಿಯ ಹೊರಗೆ ಹತ್ತಿಯ ಹೊಲಗಳನ್ನು ನೋಡುತ್ತ ಎಲ್ಲ ಬೈಗುಳ ಮುಗಿಯುವ ತನಕ ಕಾಯ್ದ.

“ಹನ್ನೆರಡ ಕಿಲೋ ಇಳಿಯೂದ್ರಾಗ ಅರ್ಧಾ ಊರ ನನಗ ಬಾಗಲಾ ಹಾಕ್ತು,” ಎಂದ. “ಆಪರೇಷನ್ ಆದ್ರ ಹೊಟ್ಟಿ ಬಾಳಿಹಣ್ಣಿನಷ್ಟ ಉಳೀತೈತಂತ. ಆಮ್ಯಾಲೆ ನನ್ನ ಯಾರ ಒಳಗ ಕರೀತಾರ ಬೇ?”

ಕಾಕಾ ಮತ್ತೆ ಕಿಡಕಿಯ ಕಡೆ ತಿರುಗಿ ಮುಂದುವರಿಸಿದ.

“ಅವ್ವ ಹೋದ ಮ್ಯಾಲೆ, ಈ ಡಯಟ್ ಶುರು ಆಗೂ ತನಕಾ, ಮನ್ಯಾಗ ಒಲಿ ಹಚ್ಚಿದಾಂವ ಅಲ್ಲ ನಾ. ಹಸದ ಉಣ್ತಿದ್ದೆ ಅಂತ ತಿಳದಿಯೇನು? ಉಣ್ಣೂ ತನಕಾ ಬಾಜೂಕ ಯಾರರ ಕುಂತಿರ್ತಾರಲಾ. ಇನ್ನೊಂದ ಹಾಕಿಸ್ಕೊಂಡ್ರ ಇನ್ನೊಂದೀಟ ಹೊತ್ತು ಕುಂದರ್ತಾರ.”

ನನಗೆ ಮುಖ ಎತ್ತಲಾಗಲಿಲ್ಲ. ಎಷ್ಟು ರವಿವಾರ ಕಾಕಾ ನಮ್ಮ ಮನೆಗೆ ಬಂದಿದ್ದ! ನಾನು ತಾಟು ತುಂಬಿಸಿ ಮುಂದಿಟ್ಟು, ಮಕ್ಕಳ ನೋಟ್‌ಬುಕ್ ತಿದ್ದಲು ಒಳಗೆ ಹೋಗುತ್ತಿದ್ದೆ. ಅವನು ಮೂರು ಮೂರು ಸಲ, “ಇನ್ನೊಂದ ರೊಟ್ಟಿ ಕೊಡ ಬೇ,” ಎಂದು ಕರೆಯುತ್ತಿದ್ದ. ಎಂಥ ಹೊಟ್ಟೆಬಾಕ ಎಂದುಕೊಳ್ಳುತ್ತಿದ್ದೆ. ಅದಕ್ಕಿಂತ ನಾಚಿಕೆಯ ಸಂಗತಿ ನನ್ನ ಜೀವನದಲ್ಲಿ ಬೇರೆ ಇಲ್ಲ.

ಕುಂದಗೋಳ ಬಂತು. “ಇಳಿ ಕಾಕಾ, ನಮ್ಮ ಮನಿಗೆ ಹೋಗೂಣು,” ಎಂದೆ.

“ಮನಿಗೆ ಬಂದು ಏನ ಮಾಡ್ಲಿ?”

“ಏನೂ ಮಾಡಬ್ಯಾಡ. ಬಾ.”

ಅವನನ್ನು ಕಂಡದ್ದೇ ನಮ್ಮ ಅತ್ತೆ ಅಭ್ಯಾಸಬಲದಿಂದ ಅಡುಗೆಮನೆಗೆ ಹೊರಟರು. ನಾನು ಬಾಗಿಲಲ್ಲಿ ಅಡ್ಡ ನಿಂತೆ. “ಏನೂ ತರಬ್ಯಾಡ್ರಿ ಅತ್ತಿ. ನೀವೂ ಬಂದ ಕುಂದರ್ರಿ.” ಅತ್ತೆ, “ನೀರರ ಕೊಡೂಣಲ್ಲಾ? ಯಾರರ ಕೇಳಿದ್ರ ಏನಂದಾರು!” ಎಂದು ಹೌಹಾರಿದರು. ಆದರೂ ಬಂದು ಕೂತರು. ಕಾಕಾ ಖುರ್ಚಿಯ ತುದಿಯಲ್ಲಿ ಕೂತ. ಕೈಗಳನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ಒಮ್ಮೆ ತೊಡೆಯ ಮೇಲೆ, ಒಮ್ಮೆ ಖುರ್ಚಿಯ ಮೇಲೆ, ಒಮ್ಮೆ ಜೇಬಿನಲ್ಲಿ. ಮೂವರಿಗೂ ಮಾತೇ ಹೊರಡದು. ಅದೆಷ್ಟು ಮುಜುಗರದ ಹತ್ತು ನಿಮಿಷ!

ಕೊನೆಗೆ ಅತ್ತೆಯೇ, “ಗುಡಗೇರ್ಯಾಗ ಮಳಿ ಹೆಂಗೈತ್ರಿ?” ಎಂದರು. ಅಲ್ಲಿಂದ ಮಾತು ಹೊರಟಿತು ನೋಡಿ! ಮೂವತ್ತು ವರ್ಷ ಊರಿನ ಎಲ್ಲ ಅಡುಗೆಮನೆಗಳ ಬಾಗಿಲಲ್ಲಿ ಕೂತ ಮನುಷ್ಯ. ಯಾವ ಅತ್ತೆ ಸೊಸೆ ಒಂದೇ ಮನೆಯಲ್ಲಿ ಎರಡು ಫ್ರಿಜ್ ಇಟ್ಟಿದ್ದಾರೆ, ಯಾವ ಮುದುಕ ಹೆಂಡತಿಗೆ ಹೆದರಿ ಮೀಟರ್ ಪೆಟ್ಟಿಗೆಯ ಹಿಂದೆ ಬೀಡಿ ಮುಚ್ಚಿಡುತ್ತಾನೆ, ಎಲ್ಲವೂ ಅವನಿಗೆ ಗೊತ್ತು. ಬಾಯಲ್ಲಿ ತುತ್ತು ಇರುತ್ತಿದ್ದುದರಿಂದ ನಾವು ಒಂದನ್ನೂ ಕೇಳಿರಲಿಲ್ಲ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಎರಡು ತಾಸು ಹೋದದ್ದು ಗೊತ್ತಾಗಲಿಲ್ಲ.

ಮುಂದಿನ ಗಾಡಿಯ ಹೊತ್ತಾಯಿತೆಂದು ಕಾಕಾ ಎದ್ದ. ಹೊಸ್ತಿಲಲ್ಲಿ ನಿಂತು ಮೆಲ್ಲಗೆ ಕೇಳಿದ, “ಏನೂ ತಗೊಳ್ಳದ ಹೊಂಟೇನಿ. ನಿಮ್ಮತ್ತಿಗೆ ಬ್ಯಾಸರಿಲ್ಲಲಾ?”

“ಇಲ್ಲ ಕಾಕಾ. ರವಿವಾರ ಮತ್ತ ಬಾ. ಏನೂ ಕೊಡೂದಿಲ್ಲ.”

ಕಾಕಾ ಬಗ್ಗಿ ಚಪ್ಪಲಿ ಮೆಟ್ಟಿಕೊಂಡ. ಮೂರು ತಿಂಗಳ ಹಿಂದೆ ಅವನಿಗೆ ಹಾಗೆ ಬಗ್ಗಲು ಬರುತ್ತಿರಲಿಲ್ಲ. ಎರಡು ಹೆಜ್ಜೆ ಹೋದವನು ತಿರುಗಿ ನೋಡದೆ, “ಆ ಡಾಕ್ಟರ್‌ಗ ತಾರೀಕ ಹಂಗ ಇರ್ಲಿ ಅಂತ ಹೇಳು,” ಎಂದ.