ಹೆಡ್ಲಿ ಪಾರ್ಡಿ ಹೊಡೆಯದ ಮೂಸ್

ಹೆಡ್ಲಿ ಪಾರ್ಡಿಯ ಕಷ್ಟ ಶುರುವಾದದ್ದು ಅವನ ಅದೃಷ್ಟ ಖುಲಾಯಿಸಿದ ದಿನ. ಆ ವರ್ಷ ಸರಕಾರದವರು ಮೂಸ್ ಬೇಟೆಗೆ ಚೀಟಿ ಎತ್ತಿದಾಗ ಇಡೀ ಕೆಟಲ್ ಕೊಲ್ಲಿ ಊರಿಗೆ ಸಿಕ್ಕಿದ್ದು ಒಂದೇ ಒಂದು ಪರವಾನಗಿ. ಅದು ಬಂದದ್ದು ಹೆಡ್ಲಿಯ ಹೆಸರಿಗೆ.

ಮೂಸ್ ಅಂದರೆ ಏನೆಂದುಕೊಂಡಿರಿ? ಜಿಂಕೆಯ ಜಾತಿಯದೇ, ಆದರೆ ಕಡವೆಯೊಂದು ಕೊಡೆ ಬಿಚ್ಚಿಕೊಂಡು ಅದರ ಕಾಲ ಸಂದಿಯಲ್ಲಿ ಹಾಯಬಹುದು. ನಮ್ಮ ನ್ಯೂಫೌಂಡ್‌ಲ್ಯಾಂಡಿನಲ್ಲಿ ಮೂಸಿನ ಕೊಂಬಿನ ಮೇಲೆ ಕೂತು ಎರಡು ಆಟ ಇಸ್ಪೀಟು ಮುಗಿಸಿದವರಿದ್ದಾರೆ. ಮೂಸ್ ಅದರ ಪಾಡಿಗೆ ಮೇಯುತ್ತಿತ್ತಂತೆ. ಅಂಥದ್ದೊಂದು ಬಿದ್ದರೆ ಅದರ ಮಾಂಸದಲ್ಲಿ ಚಳಿಗಾಲ ಕಳೆದದ್ದೇ ಗೊತ್ತಾಗುವುದಿಲ್ಲ. ಆದ್ದರಿಂದ ಪರವಾನಗಿ ಬಂದ ಮನೆಗೆ ಮದುವೆ ಮನೆಯ ಮರ್ಯಾದೆ.

ಕೊಲ್ಲಿಯಲ್ಲಿ ಯಾರೂ ಯಾರ ಮನೆಯ ಬಾಗಿಲನ್ನೂ ತಟ್ಟುವುದಿಲ್ಲ. ಚಿಲಕ ಎತ್ತುವುದು, ಒಳಗೆ ಬರುವುದು, ಒಲೆಯ ಪಕ್ಕ ಕೂರುವುದು. ಬಾಗಿಲು ತಟ್ಟುವವನು ಪರಸ್ಥಳದವನು, ಇಲ್ಲವೇ ಸಾವಿನ ಸುದ್ದಿ ತಂದವನು. ಹೆಡ್ಲಿಯ ಹೆಂಡತಿ ಎಫಿ ಇದ್ದಾಗ ಆ ಚಿಲಕ ಕಟಕಟ ಅನ್ನುತ್ತಲೇ ಇತ್ತು. ಮಾತಿನ ಮಲ್ಲಿ ಅವಳು, ಸಮುದ್ರದ ಕಾಡ್ ಮೀನನ್ನೂ ಮಾತಿಗೆಳೆಯುತ್ತಿದ್ದಳು. ಅವಳು ತೀರಿಹೋದ ಮೇಲೆ ಜನಕ್ಕೆ ಹೆಡ್ಲಿಯ ಬಳಿ ಏನು ಮಾತಾಡಬೇಕೆಂದು ತೋಚಲಿಲ್ಲ. ಅವನಿಗೂ ತೋಚಲಿಲ್ಲ. ಚಿಲಕಕ್ಕೆ ತುಕ್ಕು ಹಿಡಿಯಿತು.

ಪರವಾನಗಿ ಬಂದ ಸಂಜೆಯೇ ಆ ತುಕ್ಕು ಉದುರಿತು. ಮೊದಲು ಬಂದವನು ಪಕ್ಕದ ಮನೆಯ ಗಾರ್ಲೆಂಡ್ ರೈಡೌಟ್. ಬೇಟೆಯ ಕಾನೂನೆಲ್ಲ ಮಾವನ ಮನೆಯಿಂದ ಬಳುವಳಿಯಾಗಿ ಬಂದಿದೆಯೇನೋ ಎಂಬಂತೆ ಮಾತಾಡುವ ಆಸಾಮಿ. ಅವನ ಹೆಸರಿಗೆ ಚೀಟಿ ಎದ್ದು ಯಾವ ಕಾಲವಾಗಿತ್ತೋ.

"ಲೋ ಹೆಡ್ಲಿ, ಸರಿಯಾಗಿ ಓದ್ಕೊಂಡಿದ್ದೀಯಾ? ಗಂಡು ಮೂಸು ಮಾತ್ರ. ಹೆಣ್ಣಿನ ತಂಟೆಗೆ ಹೋದ್ಯೋ, ಲೈಸೆನ್ಸು ಗೋತಾ. ಬಂದೂಕಿನ ಕುದುರೆ ನಿನ್ನ ಕೈಯೇ ಎಳೀಬೇಕು, ಬೇರೆಯವರು ಮುಟ್ಟೋ ಹಾಗಿಲ್ಲ. ಬಿದ್ದ ತಕ್ಷಣ ಲೈಸೆನ್ಸಿನ ಜೊತೆ ಬಂದ ಟ್ಯಾಗು ಅದಕ್ಕೆ ಕಟ್ಟಬೇಕು. ಅದಿರ್ಲಿ, ಹಿಂದಿನ ತೊಡೆ ನಂಗೆ ತಾನೆ?"

"ನಿಂಗಲ್ದೆ ಇನ್ಯಾರಿಗೋ," ಅಂದ ಹೆಡ್ಲಿ.

ಮಾರನೆಯ ದಿನ ಎದುರು ಮನೆಯ ಮೆಲ್ವಿನಕ್ಕ ಬಿಸಿ ಬ್ರೆಡ್ಡು ಹಿಡಿದು ಬಂದಳು. ಅವಳಿಗೂ ಹಿಂದಿನ ತೊಡೆ. ಅಂಚೆಯವನಿಗೂ ಪಾದ್ರಿಗೂ ದೋಣಿ ರಿಪೇರಿಯವನಿಗೂ ಹಿಂದಿನ ತೊಡೆ. ಬೇಸಿಗೆ ಮುಗಿಯುವಷ್ಟರಲ್ಲಿ ಹೆಡ್ಲಿ ದಾನ ಮಾಡಿದ ತೊಡೆಗಳನ್ನೆಲ್ಲ ಒಂದು ಮೂಸಿಗೆ ಜೋಡಿಸಿದ್ದರೆ ಅದು ಸಾವಿರ ಕಾಲಿನ ಹುಳದ ಹಾಗೆ ಗುಡ್ಡ ಹತ್ತಿಕೊಂಡು ಹೋಗುತ್ತಿತ್ತು.

ಅವನ ಅಡುಗೆಮನೆಯಲ್ಲಿ ಈಗ ದಿನಾ ಸಂಜೆ ಜಾತ್ರೆ. ಅವನು ಪೇಟೆಗೆ ಹೋಗಿ ಹೊಸ ಕಪ್ಪುಗಳನ್ನು ತಂದ. ಒಂದು ಸಂಜೆ ಎಲ್ಲರೂ ನಗುತ್ತಿರುವಾಗ ಅವನಿಗೆ ಥಟ್ಟನೆ ಹೊಳೆಯಿತು: ಮೂಸ್ ಬಿದ್ದ ದಿನ ಈ ನಗುವೂ ಬಿದ್ದುಹೋಗುತ್ತದೆ. ಅಂದಿನಿಂದ ಅವನ ಬೇಟೆ ತಿರುಗುಮುರುಗಾಯಿತು. ಸರಕಾರದ ಗುರಿ ಪರೀಕ್ಷೆಯಲ್ಲಿ ಒಂದೂ ತಪ್ಪದೆ ಹೊಡೆದು ಪಾಸಾದವನು, ಇಡೀ ಋತು ಮೂಸ್ ಕಂಡಾಗಲೆಲ್ಲ ಸೀನಿದ, ಕೆಮ್ಮಿದ, ಸೊಂಟ ಹಿಡಿಯಿತೆಂದು ಕೂತ. ಹೀಗೆ ಸೀನಿ ಸೀನಿ ಪರವಾನಗಿಯ ಕೊನೆಯ ದಿನ ಬಂದೇಬಿಟ್ಟಿತು.

ಅವತ್ತು ಬೆಳಗಾಗುವ ಮುಂಚೆ ಊರಿಗೆ ಊರೇ ಅವನ ಅಂಗಳದಲ್ಲಿ. ಎಲ್ಲರ ಮೈಮೇಲೂ ಬೇಟೆಗೆ ಹೋಗುವವರ ಕಿತ್ತಳೆ ಬಣ್ಣದ ಅಂಗಿ. ಮಂಗಳ ಗ್ರಹದಿಂದ ನೋಡಿದ್ದರೂ ಹಿಮದ ಮೇಲೆ ಯಾರೋ ಬೆಂಕಿ ಚೆಲ್ಲಿದ್ದಾರೆ ಅನ್ನಿಸುತ್ತಿತ್ತು.

ಹೆಡ್ಲಿ ಜೇಬು ತಡವಿದ. "ಅಯ್ಯೋ, ಗುಂಡುಗಳೇ ಇಲ್ಲವಲ್ಲ. ಎಲ್ಲೋ ಕಳೆದ್ಹೋಗಿವೆ. ಏನ್ಮಾಡೋದು, ನಮ್ಮ ಹಣೇಬರಹ. ಬನ್ನಿ, ಒಳಗೆ ಚಹಾ ಕುಡಿಯೋಣ."

"ಚಹಾ ನಾನಾಗ್ಲೇ ಇಟ್ಟೆ," ಮೆಲ್ವಿನಕ್ಕ ಒಳಗಿನಿಂದ ಚಹಾದ ಡಬ್ಬಿ ಅಲ್ಲಾಡಿಸುತ್ತಾ ಬಂದಳು. ಡಬ್ಬಿ ಗಲಗಲ ಅಂದಿತು. "ಚಹಾ ಡಬ್ಬೀಲಿ ಗುಂಡು ಇಟ್ಟಿದ್ದೀಯಲ್ಲೋ ಮಂಕೇ! ಬಂದೂಕಿಗೆ ಏನು ತುಂಬಿದ್ದೀಯಾ, ಚಹಾ ಪುಡೀನಾ?"

ಹೆಡ್ಲಿಗೆ ನಡೆಯದೆ ವಿಧಿಯಿರಲಿಲ್ಲ. ಆದರೂ ಬುದ್ಧಿ ಓಡಿಸಿ, ಅವನ ತಾತನ ಕಾಲದಿಂದಲೂ ಮೂಸಿನ ಹೆಜ್ಜೆ ಬೀಳದ ಬಯಲಿಗೆ ದಂಡನ್ನು ಕರೆದುಕೊಂಡು ಹೋದ. ಗಾರ್ಲೆಂಡ್ ಹಿಂದಿನಿಂದ ಹಿಮಬಂಡಿಯಲ್ಲಿ ಕೆಟಲು, ಸೌದೆ, ಸಾಮಾನು ಹೇರಿಕೊಂಡು ಬಂದ. ತಾಡಪಾಲಿನ ಕೆಳಗೆ ಉದ್ದನೆಯದೇನೋ ಮಲಗಿತ್ತು.

"ಅದೇನೋ ಅದು?" ಹೆಡ್ಲಿ ಕೇಳಿದ.

"ಗಾಳದ ಕೋಲು. ಕೆರೆ ಸಿಕ್ರೆ ಮೀನಾದ್ರೂ ಹಿಡಿಯೋಣ ಅಂತ. ನಿನ್ನ ನಂಬಿದ್ರೆ ಗಾಳಿ ತಿನ್ಬೇಕು."

ಬಯಲಿನಲ್ಲಿ ಬೆಂಕಿ ಹಾಕಿದರು. ಕೆಟಲು ಕುದಿಯಿತು, ಬಾಣಲೆಯಲ್ಲಿ ಬೊಲೋನಿ ಮಾಂಸದ ಬಿಲ್ಲೆ ಚುರ್ರೆಂದಿತು, ಬ್ರೆಡ್ಡಿನ ಮೇಲೆ ಕಾಕಂಬಿ ಇಳಿಯಿತು. ದೋಣಿ ರಿಪೇರಿಯವನು ಅಕಾರ್ಡಿಯನ್ ತೆಗೆದು ತಿದಿ ಎಳೆದು ನುಡಿಸಿದ. ಹೆಡ್ಲಿಯ ಎಡಕ್ಕೊಂದು ಭುಜ, ಬಲಕ್ಕೊಂದು ಭುಜ. ಮೆಲ್ವಿನಕ್ಕ ಕೇಳದೆಯೇ ಅವನ ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿ ಕೈಗೆ ಕೊಟ್ಟಳು. ಎಫಿ ಹೋದ ಮೇಲೆ ಅವನಿಗೆ ಎಷ್ಟು ಸಕ್ಕರೆ ಬೇಕೆಂದು ಗೊತ್ತಿದ್ದವರು ಭೂಮಿಯ ಮೇಲೆ ಯಾರೂ ಇರಲಿಲ್ಲ. ಹೆಡ್ಲಿ ಕಪ್ಪಿನೊಳಗೆ ಮುಖ ಇಟ್ಟುಕೊಂಡು ಬಹಳ ಹೊತ್ತು ಕುಡಿದ.

ತಲೆಯೆತ್ತಿದಾಗ ಎಲ್ಲರೂ ಕಲ್ಲಾಗಿದ್ದರು. ಅಕಾರ್ಡಿಯನ್ ಅರ್ಧ ಉಸಿರಿನಲ್ಲೇ ನಿಂತಿತ್ತು. ಬೆಂಕಿಯಾಚೆ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಒಂದು ಗಂಡು ಮೂಸ್ ನಿಂತಿತ್ತು. ಚರ್ಚಿಗೆ ಕಾಲು ಬಂದ ಹಾಗೆ. ಕೊಂಬಿನಲ್ಲಿ ಊರಿನವರ ಬಟ್ಟೆಯೆಲ್ಲ ಒಣಹಾಕಬಹುದಿತ್ತು. ಸಂಗೀತ ಕೇಳಿಯೇ ಬಂದಿತ್ತೋ ಏನೋ, ಇನ್ನೊಂದು ಪದ ನುಡಿಸಿ ಎಂಬಂತೆ ನೋಡುತ್ತಿತ್ತು.

"ಹೊಡಿ," ಗಾರ್ಲೆಂಡ್ ಉಸುರಿದ. "ಸೀನಿದ್ರೆ ಮೂಗು ಕೊಯ್ತೀನಿ."

ಹೆಡ್ಲಿ ಬಂದೂಕೆತ್ತಿದ. ಕಣ್ಣು ಮುಚ್ಚಿದ. ನಳಿಗೆಯನ್ನು ಸ್ವರ್ಗದ ಕಡೆ ತಿರುಗಿಸಿ ಹೊಡೆದ. ಆ ಗುಂಡು ಇನ್ನೂ ಹೋಗುತ್ತಲೇ ಇದೆ ಅನ್ನುತ್ತಾರೆ. ಸಮುದ್ರದಾಚೆಯ ಐರ್ಲೆಂಡಿನವರು ಆಗಾಗ ತಲೆ ಬಗ್ಗಿಸಿಕೊಳ್ಳುತ್ತಾರಂತೆ. ಮೂಸ್ ಅವನನ್ನು ಒಮ್ಮೆ ಕನಿಕರದಿಂದ ನೋಡಿ, ತಿರುಗಿ, ಅವಸರವಿಲ್ಲದೆ ಕಾಡಿನೊಳಗೆ ಹೋಯಿತು.

ಜನ ಬೈಯುತ್ತಾರೆ, ಆಡಿಕೊಳ್ಳುತ್ತಾರೆ, ಆಮೇಲೆ ಅಯ್ಯೋ ಪಾಪ ಎಂದು ಮನೆಯವರೆಗೂ ಬರುತ್ತಾರೆ: ಇದು ಹೆಡ್ಲಿಯ ಲೆಕ್ಕಾಚಾರ. ಆದರೆ ಯಾರೂ ಬೈಯಲಿಲ್ಲ. ಕಪ್ಪುಗಳನ್ನು ಹಿಮದಲ್ಲಿ ಉಜ್ಜಿ ಚೀಲಕ್ಕೆ ಹಾಕಿಕೊಂಡರು.

"ನೀವೆಲ್ಲ ನಡೀರಿ," ಅಂದ ಗಾರ್ಲೆಂಡ್. "ನಾನು ಬೆಂಕಿ ಆರಿಸಿ ಬರ್ತೀನಿ."

ಅಂಗಳದಲ್ಲಿ ಹೆಡ್ಲಿ ಎಲ್ಲರನ್ನೂ ಕರೆದ. "ಬನ್ರಪ್ಪ, ಒಂದು ಕಪ್ಪು ಚಹಾ."

ಪಾದ್ರಿಗೆ ಭಾನುವಾರದ ಪ್ರವಚನ ಬರೆಯಬೇಕಿತ್ತು. ಅಂಚೆಯವನಿಗೆ ತಲೆನೋವು. ಮೆಲ್ವಿನಕ್ಕ ಮಾತ್ರ ನಿಂತು, "ನೀನು ಎಫಿ ಇದ್ದಾಗ ಹಾರೋ ಬಾತುಕೋಳೀನ ಕೆಡವ್ತಿದ್ದೆ ಕಣೋ ಹೆಡ್ಲಿ," ಎಂದು ಅವನ ಮುಖವನ್ನೇ ನೋಡಿ, ಹೊರಟುಹೋದಳು.

ಸಂಜೆಯಾಯಿತು. ಹೆಡ್ಲಿ ಹೊಸ ಕಪ್ಪುಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಜೋಡಿಸಿದ. ಕೆಟಲು ಕುದಿದು ಕುದಿದು ನೀರು ಬತ್ತಿತು, ಮತ್ತೆ ತುಂಬಿದ. ಚಿಲಕ ಅಲ್ಲಾಡಲಿಲ್ಲ. ಪಕ್ಕದಲ್ಲಿ ಗಾರ್ಲೆಂಡನ ಶೆಡ್ಡಿನ ಕಿಟಕಿಗೆ ಕಂಬಳಿ ಹೊದಿಸಿದ್ದರು, ಅಂಚಿನಲ್ಲಿ ಬೆಳಕು ಸೋರುತ್ತಿತ್ತು. ಗರಗಸದ ಸದ್ದು. ಯಾರೋ ನಕ್ಕರು. ಮೆಲ್ವಿನಕ್ಕನ ನಗು ಅದು. ಆಮೇಲೆ ಅಂಚೆಯವನದು, ತಲೆನೋವು ವಾಸಿಯಾಗಿತ್ತೇನೋ. ದೋಣಿಗೆ ಹಲಗೆ ಕೊಯ್ಯುತ್ತಿದ್ದಾರೆ, ನನ್ನನ್ನು ಕರೆಯಲಿಲ್ಲ, ಅಂದುಕೊಂಡ ಹೆಡ್ಲಿ.

ಆಗ ಬಾಗಿಲು ತಟ್ಟಿದ ಸದ್ದಾಯಿತು.

ಹೊರಗೆ ನಿಂತಿದ್ದವನು ವನ್ಯಜೀವಿ ಇಲಾಖೆಯ ಎಳೆಯ ಅಧಿಕಾರಿ. ಕೆಲಸಕ್ಕೆ ಸೇರಿ ಇನ್ನೂ ಬೂಟು ಸವೆದಿರಲಿಲ್ಲ.

"ಹೆಡ್ಲಿ ಪಾರ್ಡಿ ಅವರು ನೀವೇನಾ ಸರ್? ಮೇಲಿನ ಬಯಲಲ್ಲಿ ಹೆಣ್ಣು ಮೂಸಿನ ತಲೆ ಬಿದ್ದಿದೆ. ಕರುಳು ಇನ್ನೂ ಬಿಸಿ ಇದೆ. ಟ್ಯಾಗಿಲ್ಲ. ಹಿಮಬಂಡಿಯ ಜಾಡು ಈ ಊರಿಗೇ ಇಳಿದಿದೆ. ಇಲ್ಲಿ ಪರವಾನಗಿ ಇರೋದು ನಿಮ್ಮ ಹತ್ರ ಮಾತ್ರ, ಅದೂ ಗಂಡಿಗೆ. ಯಾರ ಕೆಲಸ ಗೊತ್ತಾ?"

ಹೆಡ್ಲಿಗೆ ತಾಡಪಾಲಿನ ಕೆಳಗೆ ಮಲಗಿದ್ದ ಗಾಳದ ಕೋಲು ನೆನಪಾಯಿತು. ಬೆಂಕಿ ಆರಿಸಲು ಹಿಂದೆ ಉಳಿದವನು ನೆನಪಾದ. ಗರಗಸ ಏನನ್ನು ಕೊಯ್ಯುತ್ತಿದೆಯೆಂದು ತಿಳಿಯಿತು.

"ಗೊತ್ತಿಲ್ದಿದ್ರೆ ಪರವಾಗಿಲ್ಲ ಸರ್," ಹುಡುಗ ಕೈಗವಸು ಹಾಕಿಕೊಳ್ಳತೊಡಗಿದ. "ಒಂದೊಂದೇ ಶೆಡ್ಡು ನೋಡ್ಕೊಂಡು ಹೋಗ್ತೀನಿ. ಪಕ್ಕದ್ದರಿಂದ ಶುರು ಮಾಡ್ತೀನಿ."

ಹೆಡ್ಲಿ ಶೆಡ್ಡಿನ ಬೆಳಕನ್ನು ನೋಡಿದ. ಇಡೀ ಊರು ಅದರೊಳಗಿತ್ತು. ಇವರನ್ನು ಉಳಿಸಿದರೆ ಒಬ್ಬೊಬ್ಬರೂ ಓಡಿ ಬಂದು ಕೈ ಹಿಡಿದುಕೊಳ್ಳುವುದಿಲ್ಲವೇ? ಅದೂ ಅಲ್ಲದೆ, ಈ ಹುಡುಗ ಈಗಲೇ ಹೊರಟುನಿಂತಿದ್ದಾನೆ.

"ಒಳಗೆ ಬಂದು ಕೂತ್ಕೊಪ್ಪ," ಅಂದ. "ಅದನ್ನ ಹೊಡೆದವನು ನಾನೇ. ಚಹಾಕ್ಕೆ ಎಷ್ಟು ಸಕ್ಕರೆ?"

ಹುಡುಗ ಕೂತ. ಕೈಗವಸು ಕಳಚಿ ಮೇಜಿನ ಮೇಲಿಟ್ಟ. "ಮಾಂಸ ಎಲ್ಲಿ ಸರ್?"

"ಹೆದರ್ಕೊಂಡು ಸಮುದ್ರಕ್ಕೆ ಹಾಕ್ಬಿಟ್ಟೆ."

"ಇಡೀ ಮೂಸನ್ನಾ? ಒಬ್ಬರೇನಾ?"

"ಅದೇ ದೊಡ್ಡ ಕತೆ," ಅಂದ ಹೆಡ್ಲಿ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು.

ಎಂಥಾ ಕತೆ ಹೇಳಿದನೆಂದರೆ! ಎಫಿ ಹೋದಂದಿನಿಂದ ಒಳಗೆ ಕಟ್ಟಿಕೊಂಡಿದ್ದ ಮಾತೆಲ್ಲ ಒಡೆದ ಕಟ್ಟೆಯ ಹಾಗೆ ನುಗ್ಗಿತು. ಹಿಮದಲ್ಲಿ ಮೂಸ್ ಎಳೆದದ್ದು, ನಡುವೆ ತಾತನ ತಿಮಿಂಗಿಲ, ಎಫಿಯ ಮದುವೆಯ ಲಂಗ, ಅವಳು ಬ್ರೆಡ್ಡು ನಾದುವಾಗ ಹೇಳುತ್ತಿದ್ದ ಪದ. ಹುಡುಗ ಬರೆದೂ ಬರೆದೂ ಪೆನ್ನು ಬದಲಾಯಿಸಿದ. ಕೊನೆಗೆ ಎದ್ದು ಬಂದೂಕು, ಪರವಾನಗಿ, ಟ್ಯಾಗು ತೆಗೆದುಕೊಂಡ.

"ಐದು ವರ್ಷ ನೀವು ಚೀಟಿಗೆ ಅರ್ಜಿ ಹಾಕೋ ಹಾಗಿಲ್ಲ ಸರ್. ಬೇಜಾರು ಮಾಡ್ಕೋಬೇಡಿ."

"ನಾಳೆ ಇನ್ನೇನಾದ್ರೂ ಕೇಳೋದಿದ್ರೆ ಬಾಪ್ಪ. ನಾಡಿದ್ದೂ ಮನೇಲೇ ಇರ್ತೀನಿ."

"ಅಗತ್ಯವೇ ಇಲ್ಲ ಸರ್! ಇಷ್ಟು ವಿವರವಾಗಿ ಒಪ್ಪಿಕೊಂಡವರನ್ನ ನಾನು ನೋಡೇ ಇಲ್ಲ. ಬಾಕಿಯೆಲ್ಲ ಅಂಚೇಲಿ ಬರುತ್ತೆ."

ಅವನು ಹೋದ ಮೇಲೆ ಹೆಡ್ಲಿ ಮೇಜು ನೋಡಿದ. ಒಂದು ಕೈಗವಸು ಅಲ್ಲೇ ಉಳಿದಿತ್ತು. ಕೂಗಿ ಕರೆಯಬಹುದಿತ್ತು, ಕರೆಯಲಿಲ್ಲ. ಈ ಚಳಿಯಲ್ಲಿ ಒಂದು ಕೈಗವಸಿಲ್ಲದೆ ಎಷ್ಟು ದೂರ ಹೋದಾನು? ಅದನ್ನು ಒಲೆಯ ಬದಿಯಲ್ಲಿ ಬೆಚ್ಚಗೆ ಇಟ್ಟು, ಮತ್ತೆ ಕೆಟಲು ತುಂಬಿದ. ಅಷ್ಟರಲ್ಲಿ ಶೆಡ್ಡಿನ ಬಾಗಿಲು ಕಿರ್ರೆಂದಿತು, ಹಿಮದ ಮೇಲೆ ಹೆಜ್ಜೆ ಸದ್ದು. ಬಂದರು! ಹೆಡ್ಲಿ ಕಪ್ಪುಗಳನ್ನು ಇನ್ನೊಮ್ಮೆ ಒರೆಸಿದ.

ಹೆಜ್ಜೆ ಬಾಗಿಲಿಗೆ ಬಂದು ನಿಂತಿತು. ಚಿಲಕ ಏಳಲಿಲ್ಲ. ಬಾಗಿಲು ತಟ್ಟಿದರು.

ತೆರೆದರೆ ಯಾರೂ ಇಲ್ಲ. ಮೆಟ್ಟಿಲ ಮೇಲೆ ಬಟ್ಟೆ ಸುತ್ತಿದ ಬ್ರೆಡ್ಡು. ಸೌದೆ ರಾಶಿಯ ಹಿಂದಿನಿಂದ ಗಾರ್ಲೆಂಡನ ಪಿಸುದನಿ:

"ನನ್ ಕಡೆ ನೋಡ್ಬೇಡ! ಆಕಾಶ ನೋಡ್ತಾ ಇರು. ಹೆಡ್ಲಿ, ನಾವು ಕಿಟಕಿ ಕೆಳಗೆ ನಿಂತು ಎಲ್ಲಾ ಕೇಳಿಸ್ಕೊಂಡ್ವಿ. ನೀನು ಮನುಷ್ಯನಲ್ಲ ಕಣೋ, ದೇವರು. ಮೆಲ್ವಿನಕ್ಕ ಅತ್ತುಬಿಟ್ಳು."

"ಹಾಗಾದ್ರೆ ಬನ್ರೋ ಒಳಗೆ! ಚಹಾ ಆಗಿದೆ."

"ತಲೆ ಕೆಟ್ಟಿದ್ಯಾ? ಇನ್ಮೇಲೆ ಆ ಹುಡುಗನ ಕಣ್ಣೆಲ್ಲ ನಿನ್ನ ಮನೆ ಮೇಲೇ. ಇಲ್ಲಿಗೆ ಬಂದವರೆಲ್ಲ ಪಾಲುದಾರರು ಅಂದ್ಕೋತಾನೆ. ಊರೆಲ್ಲ ಕೂತು ತೀರ್ಮಾನ ಮಾಡಿದ್ದೀವಿ, ಯಾರೂ ಈ ಕಡೆ ತಲೆ ಹಾಕೋ ಹಾಗಿಲ್ಲ."

"ಎಲ್ಲೀವರೆಗೆ?"

"ನಿನ್ನ ಐದು ವರ್ಷ ಮುಗೀಲಿ. ಮತ್ತೆ ಚೀಟಿ ಬಿದ್ದ ದಿನ ನಾನೇ ಮೊದಲು ಬರ್ತೀನಿ ನೋಡು. ಹಾಂ, ಆ ಕೈಗವಸು ಕೊಡು ಇಲ್ಲಿ! ಅವನು ರಸ್ತೆ ತಿರುವಿನಲ್ಲಿ ಗಾಡಿ ನಿಲ್ಲಿಸಿ ಜೇಬು ತಡಕಾಡ್ತಿದ್ದಾನೆ. ಅಡ್ಡದಾರೀಲಿ ಓಡಿ ಅವನ ಬೂಟಿನ ಹತ್ರ ಎಸೀತೀನಿ. ಇಲ್ದಿದ್ರೆ ವಾಪಸ್ ಬಂದು ನಿನ್ನ ಪ್ರಾಣ ತಿಂತಾನೆ. ಇಷ್ಟಾದ್ರೂ ನಿಂಗೆ ಮಾಡ್ಬೇಡ್ವಾ ನಾವು?"

ಸೌದೆ ರಾಶಿಯಿಂದ ಒಂದು ಕೈ ಹೊರಬಂತು. ಹೆಡ್ಲಿ ಬೆಚ್ಚಗಿದ್ದ ಕೈಗವಸನ್ನು ತಂದು ಅದರಲ್ಲಿಟ್ಟ. ಕೈ ಮಾಯವಾಯಿತು.

ಅವನು ಬ್ರೆಡ್ಡನ್ನು ಒಳಗೆ ತಂದ. ಆಮೇಲೆ, ಐದು ವರ್ಷದ ನಂತರ ಅರ್ಜಿ ಹಾಕುವುದು ಹೇಗೆಂದು ಈಗಲೇ ವಿಚಾರಿಸಿಡೋಣವೆಂದು ಇಲಾಖೆಯ ನಂಬರಿಗೆ ಫೋನು ಮಾಡಿದ. ಅತ್ತಲಿಂದ ಹೆಣ್ಣು ದನಿಯೊಂದು, ಯಾವತ್ತೋ ರೆಕಾರ್ಡು ಮಾಡಿಟ್ಟದ್ದು, ನಯವಾಗಿ ನುಡಿಯಿತು: "ನಿಮ್ಮ ಕರೆ ನಮಗೆ ಬಹಳ ಮುಖ್ಯ. ದಯವಿಟ್ಟು ಹೋಗಬೇಡಿ, ಹೀಗೇ ಇರಿ."

ಹೆಡ್ಲಿ ಫೋನನ್ನು ಮೇಜಿನ ಆ ಬದಿಗೆ ನಿಲ್ಲಿಸಿ, ಎರಡು ಕಪ್ಪಿಗೆ ಚಹಾ ಬಗ್ಗಿಸಿದ.

"ಅವಸರವೇನಿಲ್ಲಮ್ಮ," ಅಂದ.